ಸದಾನಂದನ ಜಗಲಿಯಲ್ಲಿ ಓದಿದ ಪುಸ್ತಕ

ಪ್ರೀತಿಯ ಕಥೆ ಓದುವವರು ಕೆಲಸವಿಲ್ಲದವರು ಎಂದು ಹೇಳುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಮಧ್ಯಾಹ್ನ ಉಂಡು ಮಲಗುವವರು. ನಾವು ಮಲಗುತ್ತಿರಲಿಲ್ಲ. ಬೀಡಿ ಕಟ್ಟುತ್ತಿದ್ದೆವು, ಕಟ್ಟುತ್ತಾ ಪ್ರೀತಿಯ ಕಥೆಯನ್ನೇ ಕೇಳುತ್ತಿದ್ದೆವು. ಅದರಲ್ಲಿ ನಾಚಿಕೆಪಡುವಂಥದ್ದು ನನಗೆ ಅಂದೂ ಏನೂ ಕಾಣಲಿಲ್ಲ, ಇಂದೂ ಕಾಣುವುದಿಲ್ಲ.

ಈಗ ನಾನು ಬಂಟ್ವಾಳದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಒಂದು ಗೃಹಪ್ರವೇಶಕ್ಕೆಂದು ಮಗಳ ಜೊತೆ ಪುತ್ತಿಗೆಗೆ ಹೋಗಿದ್ದೆ. ರಿಕ್ಷಾ ಇಳಿದು ನಡೆಯುವಾಗ ಯಾರದೋ ಮನೆಯೊಳಗಿನಿಂದ ನೆನೆಸಿಟ್ಟ ಬೀಡಿ ಎಲೆಯ ವಾಸನೆ ಬಂತು. ಒದ್ದೆ ಗೋಣಿ, ಎಲೆ, ಸ್ವಲ್ಪ ಹೊಗೆಸೊಪ್ಪು, ಮೂರೂ ಸೇರಿದ ವಾಸನೆ ಅದು. ಮಗಳು ಮೂಗು ಮುಚ್ಚಿಕೊಂಡಳು. ನಾನು ನಿಂತುಬಿಟ್ಟೆ. ದುಃಖ ಉಕ್ಕಿ ಬಂದು ನಿಂತದ್ದಲ್ಲ, ಆ ವಾಸನೆಗೆ ನನಗೆ ಕೆಮ್ಮು ಬರುತ್ತದೆ. ಕೆಮ್ಮು ನಿಲ್ಲುವಷ್ಟರಲ್ಲಿ ಒಂದು ಮಳೆಗಾಲ ಪೂರ್ತಿ ನೆನಪಾಗಿತ್ತು. ಗಿರಿಜೆಯ ಮಳೆಗಾಲ.

ಕೊರೋನದ ಗಲಾಟೆ ಮುಗಿದ ಮರುವರ್ಷ ಅದು. ಆಗ ನಾನು ಪುತ್ತಿಗೆಯಲ್ಲೇ ಇದ್ದೆ. ಮೂಡುಬಿದಿರೆಯ ಡಾಕ್ಟರು ನನ್ನ ಎದೆ ಪರೀಕ್ಷೆ ಮಾಡಿ, “ಅಜ್ಜೀ, ಇನ್ನು ಹೊಗೆಸೊಪ್ಪು ಮುಟ್ಟಬೇಡಿ” ಎಂದಿದ್ದರು. ಮುಟ್ಟದಿದ್ದರೆ ನನ್ನ ಕೈಗೆ ಕೆಲಸವಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ನನ್ನ ಜಗಲಿಗೆ ಬೀಡಿ ಕಟ್ಟಲು ಬರುತ್ತಿದ್ದ ಹೆಂಗಸರು ಇದಕ್ಕೊಂದು ದಾರಿ ಹುಡುಕಿದರು. ನಾನು ಪುಸ್ತಕ ಓದಬೇಕು. ಸಂಜೆ ಎದ್ದು ಹೋಗುವ ಮೊದಲು ಪ್ರತಿಯೊಬ್ಬಳೂ ಒಂದು ಕಟ್ಟು ಬೀಡಿ ನನ್ನ ಗೆರಸೆಗೆ, ಎಂದರೆ ಬೀಡಿ ಕಟ್ಟುವ ಮೊರಕ್ಕೆ, ಹಾಕಬೇಕು. ಓದುವವಳ ಪಾಲಿನ ಬೀಡಿಯನ್ನು ಕೇಳುವವರು ಕಟ್ಟಿಕೊಡುವುದು ನಾವು ಹುಡುಗಿಯರಾಗಿದ್ದಾಗಲೂ ಇದ್ದ ಕ್ರಮವೇ. ನಡುವೆ ಟಿವಿ ಬಂದು ಆ ಕ್ರಮ ನಿಂತು ಹೋಗಿತ್ತು, ಈಗ ತಿರುಗಿ ಬಂತು.

ಮನೆಯಲ್ಲಿ ಟಿವಿ ಇರಲಿಲ್ಲವೇ, ಮೊಬೈಲು ಇರಲಿಲ್ಲವೇ ಎಂದು ಕೇಳಬೇಡಿ. ಎಲ್ಲ ಇತ್ತು. ಧಾರಾವಾಹಿಗೆ ಕಣ್ಣು ಕೊಡಬೇಕು, ಬೀಡಿಗೂ ಕಣ್ಣು ಕೊಡಬೇಕು. ಕಣ್ಣು ತಪ್ಪಿದರೆ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟನ್ನೇ ಬದಿಗೆ ಎಸೆಯುತ್ತಾನೆ. ಕಥೆಗಾದರೆ ಕಿವಿ ಸಾಕು.

ನಾನು ಕಲಿತದ್ದು ಐದನೇ ಕ್ಲಾಸು. ಪುಸ್ತಕದ ಕನ್ನಡವನ್ನು ಒಂದೆರಡು ವಾಕ್ಯ ಓದಿ, ಅದನ್ನೇ ತುಳುವಿನಲ್ಲಿ ಹೇಳುತ್ತಿದ್ದೆ. ಇಲ್ಲಿ ನಾನು ಬರೆಯುವ ನಮ್ಮ ಮಾತುಕತೆಯೆಲ್ಲ ನಡೆದದ್ದೂ ತುಳುವಿನಲ್ಲೇ. “ನಾನು ನಿನ್ನನ್ನು ಪ್ರೀತಿಸುತ್ತೇನೆ” ಎಂದು ಒಬ್ಬ ನಾಯಕ ಹೇಳಿದಾಗ ನಾನು ಮೊದಲ ಸಲ ತಡವರಿಸಿದೆ. ಅದಕ್ಕೆ ನಮ್ಮಲ್ಲಿರುವುದು ಮೋಕೆ ಎಂಬ ಮಾತು. ನಮ್ಮ ಮನೆಗಳಲ್ಲಿ ಅದು ಮಕ್ಕಳಿಗೆ, ಕರುವಿಗೆ ಆಗುವಂಥದ್ದು. ದೊಡ್ಡ ಮೀಸೆಯ ಗಂಡಸಿನ ಬಾಯಲ್ಲಿ ಅದನ್ನು ಕೇಳಿ ಹೆಂಗಸರು ನಕ್ಕ ರಭಸಕ್ಕೆ ಗೆರಸೆಯಿಂದ ಹೊಗೆಸೊಪ್ಪು ಚೆಲ್ಲಿತು.

“ಅವನಿಗೆ ದನದ ಹಟ್ಟಿಗೆ ಹೋಗಿ ಹೇಳ್ಲಿಕ್ಕೆ ಹೇಳಿ ಕಲ್ಯಾಣಿಯಕ್ಕ” ಎಂದಳು ಐಸಮ್ಮ.

ಐಸಮ್ಮ ನನ್ನ ಆಚೆ ಮನೆಯವಳು. ಅವಳ ಗಂಡ ಸೌದಿಯಲ್ಲಿದ್ದ. “ಅವರು ಫೋನಿನಲ್ಲಿ ಕೇಳುವುದು ಒಂದೇ. ಕರೆಂಟ್ ಉಂಟಾ? ಮಳೆ ಉಂಟಾ? ಆಯ್ತು, ಇಡ್ತೇನೆ. ನನ್ನ ಪ್ರೀತಿ ಇಷ್ಟೇ ಮಾರಾಯ್ತಿ” ಎನ್ನುತ್ತಿದ್ದಳು. ನನ್ನದು ಅಷ್ಟೂ ಇರಲಿಲ್ಲ. ನನ್ನ ಗಂಡ ಒಳ್ಳೆಯ ಮನುಷ್ಯ, ಹೊಡೆದದ್ದಿಲ್ಲ, ಕುಡಿದದ್ದಿಲ್ಲ. ನಿನಗೆ ಏನು ಬೇಕು ಎಂದು ಕೇಳಿದ್ದೂ ಇಲ್ಲ. ಸತ್ತು ಬಹಳ ವರ್ಷವಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಗಿರಿಜೆ ಕೂರುತ್ತಿದ್ದದ್ದು ಕಂಬದ ಬದಿಯಲ್ಲಿ. ಅವಳಿಗೆ ಐವತ್ತರ ಹತ್ತಿರ ಪ್ರಾಯ, ಮದುವೆಯಾಗಿರಲಿಲ್ಲ. ಅಪ್ಪ ಬೇಗ ತೀರಿಕೊಂಡ ಮನೆಗೆ ಹಿರಿ ಮಗಳು. ಬೀಡಿ ಕಟ್ಟಿಯೇ ಇಬ್ಬರು ತಂಗಿಯರನ್ನು ಮದುವೆ ಮಾಡಿ ದಾಟಿಸಿದಳು. ತಮ್ಮ ಸದಾನಂದನಿಗೆ ರಿಕ್ಷಾ ತೆಗೆಸಿಕೊಟ್ಟಳು, ಅವನ ಮದುವೆ ಮಾಡಿಸಿದಳು. ಅಷ್ಟಾಗುವಾಗ ಅವಳನ್ನು ನೋಡಲು ಬರುವವರು ನಿಂತಿದ್ದರು. ನಮ್ಮ ಕಡೆ ಇಂಥ ಅಕ್ಕಂದಿರು ಮನೆಗೊಬ್ಬರಂತೆ ಸಿಗುತ್ತಾರೆ. ಊರಿನವರು ಅವರನ್ನು ತ್ಯಾಗಮಯಿ ಎಂದು ಹೊಗಳಿ, ಮದುವೆಮನೆಯಲ್ಲಿ ತೆಂಗಿನಕಾಯಿ ಹೆರೆಯಲು ಕೂರಿಸುತ್ತಾರೆ.

ಆ ಮಳೆಗಾಲದಲ್ಲಿ ಗಿರಿಜೆಯ ಕತ್ತರಿ ಪದೇಪದೇ ಮೊಂಡಾಗತೊಡಗಿತು. ಎಲೆ ಕತ್ತರಿಸುವ ಕತ್ತರಿಗೆ ನಾವು ಅಪರೂಪಕ್ಕೊಮ್ಮೆ ಸಾಣೆ ಹಿಡಿಸುತ್ತೇವೆ. ಗಿರಿಜೆ ಬ್ರಾಂಚಿಗೆ ಬೀಡಿ ಕೊಟ್ಟು ಬರುವಾಗಲೆಲ್ಲ ಮೂಡುಬಿದಿರೆಯಲ್ಲಿ ಸಾಣೆ ಹಿಡಿಯುವ ಬಾಬು ಆಚಾರಿಯ ಹತ್ತಿರ ಹೋಗುತ್ತಿದ್ದಳು. ಬಾಬು ಆಚಾರಿಯ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಮದುವೆಯಾಗಿ ಬೆಳ್ತಂಗಡಿಯಲ್ಲಿದ್ದಳು. ಮಾತು ಕಡಿಮೆಯ ಮನುಷ್ಯ, ಒಂದು ಕಿವಿ ಸ್ವಲ್ಪ ಮಂದ.

“ಗಿರಿಜಕ್ಕ, ನೀವು ಎಲೆ ಕತ್ತರಿಸುವುದಾ, ಮುರಕಲ್ಲು ಕತ್ತರಿಸುವುದಾ?” ಎಂದು ಐಸಮ್ಮ ಕೇಳಿದಳು.

ಗಿರಿಜೆ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಆ ಪ್ರಾಯದಲ್ಲಿ ಕಿವಿ ಕೆಂಪಾಗುವುದನ್ನು ನಾನು ಅದೇ ಮೊದಲು ನೋಡಿದ್ದು.

ಇನ್ನೊಂದು ದಿನ ಜೋರು ಮಳೆಗೆ ನನ್ನ ಸ್ವರ ಯಾರಿಗೂ ಕೇಳದೆ ಓದು ನಿಲ್ಲಿಸಿದ್ದೆ. ಆಗ ಅವಳು ಹತ್ತಿರ ಬಂದು ಕೇಳಿದಳು, “ಅಕ್ಕ, ಪುಸ್ತಕದಲ್ಲಿ ಪ್ರೀತಿ ಮಾಡುವವರೆಲ್ಲ ಯಾಕೆ ಸಣ್ಣ ಪ್ರಾಯದವರೇ? ನಮ್ಮ ಪ್ರಾಯದವರದ್ದು ಯಾರೂ ಬರೆಯುವುದಿಲ್ವಾ?”

“ನಮ್ಮ ಪ್ರಾಯಕ್ಕೆ ಬರುವಾಗ ಬರೆಯುವವರು ನಮ್ಮನ್ನು ಅತ್ತೆ ಮಾಡಿ ಬಿಡ್ತಾರೆ” ಎಂದೆ.

ಅವಳು ನಕ್ಕಳು. ನಗು ಬೇಗ ನಿಂತಿತು. “ಅವರು ಮನೆಗೆ ಬಂದು ಕೇಳ್ತೇನೆ ಅಂತ ಹೇಳಿದ್ದಾರೆ” ಎಂದಳು. ಅವರು ಎಂದರೆ ಯಾರೆಂದು ನಾನು ಕೇಳಬೇಕಾಗಿರಲಿಲ್ಲ.

ಬಾಬು ಆಚಾರಿ ಬಂದ. ಒಗೆದ ಬಿಳಿ ಪಂಚೆ ಉಟ್ಟು, ಒಂದು ಗೊನೆ ಕದಳಿ ಬಾಳೆಹಣ್ಣು ಹಿಡಿದುಕೊಂಡು, ಸದಾನಂದನ ಮನೆಗೆ ನೇರವಾಗಿ ಬಂದ. ಸದಾನಂದ ಅವನನ್ನು ಜಗಲಿ ಹತ್ತಲು ಬಿಡಲಿಲ್ಲ. ಮಳೆಯಲ್ಲಿ ನಿಲ್ಲಿಸಿಯೇ ಬೈದು ಕಳಿಸಿದ. ಬಾಳೆಗೊನೆ ಅಂಗಳದಲ್ಲೇ ಉಳಿಯಿತು. ಕೋಳಿಗಳು ಅದನ್ನು ಕುಕ್ಕುತ್ತಿದ್ದದ್ದನ್ನು ದಾರಿಯಲ್ಲಿ ಹೋದವರೆಲ್ಲ ನೋಡಿದರು. ಅಕ್ಕನನ್ನು ಅಂದಿನಿಂದ ಗೇಟು ದಾಟಲು ಬಿಡುವುದಿಲ್ಲ, ಬೀಡಿಯನ್ನೂ ತಾನೇ ಬ್ರಾಂಚಿಗೆ ಕೊಡುತ್ತೇನೆ ಎಂದು ಅವನು ತೀರ್ಮಾನ ಮಾಡಿದ. ಮರುದಿನ ನನ್ನ ಜಗಲಿಗೆ ಬಂದ.

“ಕಲ್ಯಾಣಿಯಕ್ಕ, ನೀವು ಪ್ರಾಯದವರು ಅಂತ ಮರ್ಯಾದೆಯಲ್ಲಿ ಹೇಳ್ತೇನೆ. ನಿಮ್ಮ ಪುಸ್ತಕದಿಂದ ನಮ್ಮ ಮನೆ ಹಾಳಾಗ್ಲಿಕ್ಕೆ ಬಂತು.”

“ಕೂತು ಹೇಳು. ನಿಂತರೆ ನಿನ್ನ ಬೊಬ್ಬೆ ಜಾಸ್ತಿ ಆಗ್ತದೆ.”

“ಈ ಪ್ರಾಯದಲ್ಲಿ ಅಕ್ಕನಿಗೆ ಮದುವೆ ಬೇಕಂತೆ. ಅದೂ ಸಾಣೆ ಹಿಡಿಯುವವನ ಜೊತೆ. ಜಾತಿ ಬೇಡವಾ? ಊರಿನವರು ಎಂಥ ಹೇಳಿಯಾರು?”

“ನಿನ್ನ ಮದುವೆ ಮಾಡಿಸಿದ್ದು ಯಾರು, ಊರಿನವರಾ?”

“ಅಕ್ಕ. ಇಲ್ಲ ಅಂತ ನಾನು ಹೇಳುವುದಿಲ್ಲ. ಅಷ್ಟು ಹೆಸರು ಮಾಡಿದವರು ಈಗ ಕೆಡಿಸಿಕೊಳ್ಳಬಾರದು ಅಂತಲೇ ಹೇಳುವುದು.”

ಅವನ ನ್ಯಾಯ ನೋಡಿ. ಯಾರಿಗೂ ಏನೂ ಮಾಡದೆ ಕುಳಿತಿದ್ದರೆ ಅವಳಿಗೆ ಇಷ್ಟು ಕಟ್ಟುಪಾಡು ಇರುತ್ತಿರಲಿಲ್ಲ.

ಅವನು ಅಲ್ಲಿಗೆ ನಿಲ್ಲಿಸಲಿಲ್ಲ, ಮಾಸ್ಟ್ರ ಹತ್ತಿರವೂ ದೂರು ಕೊಟ್ಟ. ಶೀನಪ್ಪ ಮಾಸ್ಟ್ರು ನಿವೃತ್ತರು. ಯುವಕ ಮಂಡಲದ ಕೋಣೆಯಲ್ಲಿರುವ ಪುಸ್ತಕದ ಕಪಾಟಿನ ಬೀಗದ ಕೈ ಅವರ ಹತ್ತಿರ ಇತ್ತು. ನನಗೆ ಪುಸ್ತಕ ಕೊಡುತ್ತಿದ್ದವರು ಅವರೇ. ಕೆಟ್ಟವರಲ್ಲ. ನಾನು ಓದುತ್ತೇನೆಂದು ಅವರಿಗೆ ಸಂತೋಷವೇ ಇತ್ತು, ಓದುವ ಪುಸ್ತಕದ ಮೇಲೆ ಮಾತ್ರ ಅಸಮಾಧಾನ.

“ಕಲ್ಯಾಣಿ, ಸಾಹಿತ್ಯದಲ್ಲಿ ಈ ಪ್ರೀತಿ ಪ್ರೇಮ ಸಾಕಷ್ಟು ಆಗಿದೆ. ನಿಮಗೆ ಬೇಕಾದದ್ದು ಬೇರೆ. ಬಂಟ್ವಾಳದ ನೆರೆಯಲ್ಲಿ ಮನೆ ಕಳೆದುಕೊಂಡವರ ಕಥೆ ಉಂಟು. ನಿಮ್ಮಂಥ ಬೀಡಿ ಕಾರ್ಮಿಕರ ಕಷ್ಟದ ಕಥೆ ಉಂಟು.”

“ನನ್ನ ಕೆಮ್ಮು ನನ್ನ ಹತ್ತಿರವೇ ಉಂಟು ಮಾಸ್ಟ್ರೆ. ಅದನ್ನು ಪುಸ್ತಕದಲ್ಲಿ ಬೇರೆ ಓದಬೇಕಾ?”

ಅವರು ನಕ್ಕರು. “ಸರಿ. ಆದರೆ ನಿನ್ನ ಪುಸ್ತಕದ ನಾಯಕ ಮಾತಾಡುವ ಹಾಗೆ ಮಾತಾಡಿದ ಒಬ್ಬ ಗಂಡಸನ್ನು ನೀನು ನೋಡಿದ್ದುಂಟಾ? ಎಲ್ಲ ಸುಳ್ಳು. ಸುಳ್ಳನ್ನು ಕೇಳಿ ಕೇಳಿ ಹೆಂಗಸರು ಹಾಳಾಗ್ತಾರೆ.”

ನೋಡಿರಲಿಲ್ಲ. ಅವರು ಹೇಳಿದ್ದು ನಿಜವೇ. ಉತ್ತರ ಹೊಳೆಯದೆ ಸುಮ್ಮನೆ ನಿಂತೆ. ಮಾಸ್ಟ್ರು ಕಪಾಟಿನ ಕೆಳಗಿನ ಸಾಲಿನಿಂದ ರಟ್ಟು ಹೋದ ಒಂದು ದಪ್ಪ ಪುಸ್ತಕ ತೆಗೆದರು. “ಪ್ರೀತಿಯೇ ಬೇಕಾದರೆ ಇದನ್ನು ಓದು. ಇದರಲ್ಲಿ ಸಂಸ್ಕಾರ ಉಂಟು. ಸದಾನಂದನಿಗೂ ಹೇಳ್ತೇನೆ, ನಾನೇ ಆರಿಸಿ ಕೊಟ್ಟದ್ದು ಅಂತ.”

ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬರುವಾಗಲೇ ನನಗೆ ಬುದ್ಧಿ ಓಡಿತು. ಗಿರಿಜೆ ಗೇಟು ದಾಟಬಾರದು, ಅಷ್ಟೇ ಅಲ್ಲವೇ? ನಾವು ದಾಟಬಹುದಲ್ಲ.

ಮರುದಿನ ಮಧ್ಯಾಹ್ನ ನಾನು, ಐಸಮ್ಮ, ಉಳಿದ ಹೆಂಗಸರು ಗೆರಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಂಡು, ಕೊಡೆ ಹಿಡಿದುಕೊಂಡು ಸದಾನಂದನ ಜಗಲಿ ಹತ್ತಿದೆವು. ಮಳೆಗೆ ರಿಕ್ಷಾಕ್ಕೆ ಬಾಡಿಗೆ ಇಲ್ಲದೆ ಅವನು ಮನೆಯಲ್ಲೇ ಇದ್ದ.

“ಇದೆಂಥ ಮೆರವಣಿಗೆ?” ಎಂದ.

“ನಮ್ಮ ಜಗಲಿ ಸೋರ್ತದೆ. ಇಲ್ಲಿ ಓದುವ ಅಂತ ಬಂದೆವು. ಮಾಸ್ಟ್ರು ಆರಿಸಿ ಕೊಟ್ಟ ಪುಸ್ತಕ, ಬೇಕಾದರೆ ಫೋನ್ ಮಾಡಿ ಕೇಳು.”

ಅವನಿಗೆ ಬೈಯಲು ಮನಸ್ಸಿತ್ತು. ಆದರೆ ನಮ್ಮ ಕಡೆ ಜಗಲಿ ಹತ್ತಿ ಕುಳಿತವರಿಗೆ ಮೊದಲು ಬೆಲ್ಲ, ನೀರು ಕೊಡಬೇಕು. ಕೊಟ್ಟ ಮೇಲೆ ಏಳಿ ಎನ್ನುವಂತಿಲ್ಲ. ಬಾಬು ಆಚಾರಿಯನ್ನು ಹತ್ತಲು ಬಿಡದಿದ್ದದ್ದೂ ಅದಕ್ಕೇ. ಸದಾನಂದ ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಶಶಿಕಲಾ ಅಭ್ಯಾಸದಿಂದ ಬೆಲ್ಲದ ತಟ್ಟೆ, ನೀರಿನ ಚೆಂಬು ತಂದು ಇಟ್ಟುಬಿಟ್ಟಳು. ಆಮೇಲೆ ಗಂಡನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಐಸಮ್ಮ ಬೇಗ ಬೇಗ ಒಂದು ತುಂಡು ಬಾಯಿಗೆ ಹಾಕಿ, “ಒಳ್ಳೆ ಬೆಲ್ಲ” ಎಂದು ಕಾಲು ಚಾಚಿ ಕುಳಿತಳು. ಗಿರಿಜೆ ಒಳಗಿನಿಂದ ತನ್ನ ಗೆರಸೆ ತಂದು ನನ್ನ ಪಕ್ಕ ಕುಳಿತಳು. ಅವಳ ಕಣ್ಣು ಊದಿಕೊಂಡಿತ್ತು. ನಾನು ಏನೂ ಕೇಳದೆ ಓದಲು ಶುರು ಮಾಡಿದೆ.

ಮಳೆ ಬಿಡದ ಆ ಆಟಿ ತಿಂಗಳು ಪೂರ್ತಿ ಅದೇ ಪುಸ್ತಕ. ಲಲಿತೆ ಎಂಬ ಹುಡುಗಿ, ಒಬ್ಬ ಡಾಕ್ಟರು.

“ಪುನಃ ಡಾಕ್ಟರಾ?” ಎಂದಳು ಐಸಮ್ಮ. “ಪುಸ್ತಕದಲ್ಲಿ ಪ್ರೀತಿಸ್ಲಿಕ್ಕೆ ಬೇರೆ ಕೆಲಸದವರು ಸಿಗುವುದಿಲ್ವಾ?”

“ಡಾಕ್ಟರಿಗೆ ಪುರುಸೊತ್ತು ಎಲ್ಲಿ ಉಂಟು?” ಎಂದು ಬಾಗಿಲ ಹಿಂದಿನಿಂದ ಶಶಿಕಲಾ ಹೇಳಿದಳು. ಆಗಲೇ ನಮಗೆ ಗೊತ್ತಾದದ್ದು, ಅವಳೂ ಕೇಳುತ್ತಿದ್ದಾಳೆ ಎಂದು. ಎರಡು ದಿನದಲ್ಲಿ ಬಾಗಿಲ ಹಿಂದಿನಿಂದ ಬಾಗಿಲಿಗೆ ಬಂದಳು. ಆಮೇಲೆ ಹೊಸ್ತಿಲಿಗೆ. ಆಮೇಲೆ ನಮ್ಮ ನಡುವೆ ಕುಳಿತು ನೂಲು ಸುತ್ತಿಕೊಡತೊಡಗಿದಳು. ಸದಾನಂದ ಪೇಪರು ಬಿಡಿಸಿ ಕೂರುತ್ತಿದ್ದ. ಒಂದೇ ಪುಟವನ್ನು ಗಂಟೆಗಟ್ಟಲೆ ಓದುವಂಥದ್ದು ಪೇಪರಿನಲ್ಲಿ ಏನಿರುತ್ತದೆ? ಲಲಿತೆಯ ಅಣ್ಣ ಅವಳ ಕಾಗದ ಹರಿದು ಹಾಕಿದ ದಿನ, “ಹಾಗೆ ಮಾಡಬಾರದಿತ್ತು” ಎಂದು ಪೇಪರಿನ ಹಿಂದಿನಿಂದ ಸ್ವರ ಬಂತು. ಹೇಳಿದ್ದು ತಾನೇ ಎಂದು ತಿಳಿದು ಕೆಮ್ಮಿದ.

ಗಿರಿಜೆ ಮಾತ್ರ ಮಾತಾಡುತ್ತಿರಲಿಲ್ಲ. ಅವಳ ಬೀಡಿ ಬೇಗ ಬೇಗ ಆಗುತ್ತಿತ್ತು, ಒಂದೊಂದೂ ಗಟ್ಟಿ.

ಪುಸ್ತಕ ಮುಗಿಯುವ ದಿನ ನಾನು ಮನೆಯಲ್ಲೇ ಕೊನೆಯ ಪುಟಗಳನ್ನು ಓದಿಕೊಂಡು ಹೊರಟೆ. ಲಲಿತೆ ಹೋಗುವುದಿಲ್ಲ. ಡಾಕ್ಟರು ಸ್ಟೇಷನ್ನಿನಲ್ಲಿ ಕಾಯುತ್ತಾನೆ, ಅವಳು ಅಣ್ಣನ ಮಾನ ದೊಡ್ಡದೆಂದು ದೇವರ ಕೋಣೆಯಲ್ಲಿ ಕುಳಿತುಬಿಡುತ್ತಾಳೆ. ಮುಂದೆ ಅಣ್ಣನ ಮಕ್ಕಳನ್ನು ಸಾಕಿ, ಊರಿಗೆಲ್ಲ ಬೇಕಾದವಳಾಗಿ ಸಾಯುತ್ತಾಳೆ. ಮಾಸ್ಟ್ರು ಹೇಳಿದ ಸಂಸ್ಕಾರ ಇದೇ. ತುಳುವಿನಲ್ಲಿ ಹೇಳುವವಳು ನಾನು. ಬೇಕಾದರೆ ಲಲಿತೆಯನ್ನು ರೈಲು ಹತ್ತಿಸಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಕೊನೆಗೆ ಬೇಡ ಎಂದುಕೊಂಡೆ. ಗಿರಿಜೆ ಚಿಕ್ಕ ಮಗುವಲ್ಲ. ಚಂದ ಮಾಡಿ ಹೇಳಿ ಅವಳನ್ನು ಸಮಾಧಾನ ಮಾಡಲು ನಾನು ಯಾರು? ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಓದಿ ಮುಗಿಸಿ ಪುಸ್ತಕ ಮುಚ್ಚಿದೆ.

ಸದಾನಂದ ಪೇಪರು ಮಡಚಿದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ. “ಪುಸ್ತಕ ಅಂದರೆ ಹೀಗಿರಬೇಕು. ನಾನು ತಪ್ಪು ತಿಳಿದೆ ಕಲ್ಯಾಣಿಯಕ್ಕ. ಇಂಥದ್ದು ನೀವು ಎಷ್ಟು ಬೇಕಾದರೂ ಓದಿ.”

“ಎಂಥ ಹೀಗಿರಬೇಕು?” ಎಂದಳು ಗಿರಿಜೆ.

ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಗೆರಸೆ ಕೆಳಗಿಟ್ಟು ಎದ್ದು ನಿಂತಳು.

“ಅವಳಿಗೆ ಮಂಡೆ ಸಮ ಉಂಟಾ? ಅವನು ಅಲ್ಲಿ ಕಾಯ್ತಾ ಇದ್ದಾನೆ. ಹೋಗುವುದಿಲ್ಲ ಅಂತ ಒಂದು ಮಾತು ಹೇಳ್ಲಿಕ್ಕಾದರೂ ಹೋಗಬೇಕಿತ್ತಲ್ಲ? ಸತ್ತ ಮೇಲೆ ಊರಿನವರು ಹೊಗಳಿದರು ಅಂತೆ. ಕೇಳ್ಲಿಕ್ಕೆ ಅವಳು ಇದ್ದಳಾ?”

“ಅದು ಕಥೆ ಅಕ್ಕ” ಎಂದ ಸದಾನಂದ.

“ಕಥೆಯಾ? ನೀನು ಅತ್ತದ್ದು ಯಾರಿಗೆ ಹಾಗಾದರೆ? ಅಣ್ಣ ಕಾಗದ ಹರಿದಾಗ ಹಾಗೆ ಮಾಡಬಾರದಿತ್ತು ಅಂತ ಹೇಳಿದ್ದು ಯಾರು? ಆ ಲಲಿತೆಯ ಮೇಲೆ ನಿನಗೆ ಕನಿಕರ ಬಂತು. ಇಲ್ಲಿ ನಿನ್ನ ಎದುರು ಕೂತವಳು ಕಾಣುವುದಿಲ್ವಾ ಸದಾ?”

ಸದಾನಂದ ಮಡಚಿದ ಪೇಪರನ್ನು ತಿರುಗಿ ಬಿಡಿಸಿದ.

“ಅವಳು ಹೋಗಲಿಲ್ಲ. ನಾನು ಹೋಗ್ತೇನೆ” ಎಂದಳು ಗಿರಿಜೆ. “ಕದ್ದು ಅಲ್ಲ. ಬರುವ ಆದಿತ್ಯವಾರ, ಹಗಲಲ್ಲಿ, ಇದೇ ಮೆಟ್ಟಿಲು ಇಳಿದು. ಅವರಿಗೆ ಬರ್ಲಿಕ್ಕೆ ಹೇಳ್ತೇನೆ. ನಿನಗೆ ಮನಸ್ಸಿದ್ದರೆ ಬಾ, ಇಲ್ಲದಿದ್ದರೆ ಬೇಡ.”

ಪುಸ್ತಕ ಹಿಂದೆ ಕೊಡಲು ಹೋದಾಗ ಮಾಸ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಆ ಪುಸ್ತಕದ ಉದ್ದೇಶ ಅದಲ್ಲವಲ್ಲ ಮಾರಾಯ್ತಿ” ಎಂದರು.

“ಉದ್ದೇಶ ಬರೆದವರದ್ದು. ಕೇಳಿದ ಕಿವಿ ನಮ್ಮದು.”

ಅಂದು ಹೊಳೆಯದೆ ಹೋದ ಉತ್ತರವನ್ನೂ ಆಗ ಹೇಳಿದೆ. ನೆರೆಯ ಕಥೆಯಲ್ಲಿ ನಮ್ಮಂಥ ಹೆಂಗಸು ಮುಳುಗುತ್ತಾಳೆ. ಬಡತನದ ಕಥೆಯಲ್ಲಿ ಹಸಿದಿರುತ್ತಾಳೆ. ಅವೆಲ್ಲ ನಿಜವೇ, ಅವೂ ಬೇಕು. ಆದರೆ ಅಲ್ಲೆಲ್ಲ ಅವಳಿಗೆ ಏನೇನೋ ಆಗುತ್ತದೆ, ಅಷ್ಟೆ. ನಿನಗೆ ಏನು ಬೇಕು ಎಂದು ಅವಳನ್ನು ಯಾರಾದರೂ ಕೇಳುವುದು ಪ್ರೀತಿಯ ಕಥೆಯಲ್ಲಿ ಮಾತ್ರ. ನಾಯಕನ ಮಾತು ಸುಳ್ಳಿರಬಹುದು. ಆ ಪ್ರಶ್ನೆ ಸುಳ್ಳಲ್ಲ. ಒಮ್ಮೆ ಕಿವಿಗೆ ಬಿದ್ದ ಮೇಲೆ ಉತ್ತರ ಕೊಡದೆ ಇರಲಾಗುವುದಿಲ್ಲ. ಹಾಗಾಗಿ ಪ್ರೀತಿ ಸಾಕಷ್ಟು ಆಗಿದೆ ಎಂದು ಮಾಸ್ಟ್ರು ಹೇಳಬಾರದು. ಯಾರಿಗೆ ಸಾಕಷ್ಟು ಆಗಿದೆ? ನನಗೆ ಆಗಿಲ್ಲ.

ಮಾಸ್ಟ್ರು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಕಪಾಟು ಮಾತ್ರ ತೆರೆದೇ ಇಟ್ಟರು.

ಗಿರಿಜೆ ಈಗ ಮೂಡುಬಿದಿರೆಯಲ್ಲಿದ್ದಾಳೆ. ಗಂಡನ ಮಂದ ಕಿವಿಯ ಬಗ್ಗೆ ದಿನಾ ಜಗಳ. ಅವಳು ಸ್ವರ್ಗದಲ್ಲಿದ್ದಾಳೆ ಎಂದು ನಾನು ಬರೆಯುವುದಿಲ್ಲ. ಅವಳ ಜಗಳ ಅವಳು ಆರಿಸಿಕೊಂಡದ್ದು.

ಆ ಆದಿತ್ಯವಾರ ಬೆಳಿಗ್ಗೆ ನಾವೆಲ್ಲ ಸದಾನಂದನ ಮನೆಯ ಹೊರಗೆ ರಸ್ತೆಯಲ್ಲಿ ನಿಂತಿದ್ದೆವು. ಸ್ವಲ್ಪ ದೂರದಲ್ಲಿ ಬಾಬು ಆಚಾರಿ ಕೊಡೆ ಹಿಡಿದು, ಬೆಳ್ತಂಗಡಿಯಿಂದ ಬಂದ ಮಗಳ ಜೊತೆ ನಿಂತಿದ್ದ. ಗೇಟಿಗೆ ಬೀಗ ಹಾಕಿತ್ತು. ಸದಾನಂದ ಬೀಗ ಜಡಿದು, ರಿಕ್ಷಾ ತೆಗೆದುಕೊಂಡು ಹೋಗಿಬಿಟ್ಟಿದ್ದ. ಗಿರಿಜೆ ಹೊಸ ಸೀರೆ ಉಟ್ಟು, ಬ್ಯಾಗು ಹಿಡಿದು ಮೆಟ್ಟಿಲು ಇಳಿದು ಬಂದು ಗೇಟಿನ ಒಳಗೆ ನಿಂತಳು. ಅಳಲಿಲ್ಲ, ಬೊಬ್ಬೆ ಹಾಕಲಿಲ್ಲ. ನೋಡುವವರು ಸೇರತೊಡಗಿದರು.

“ಕಂಪೌಂಡ್ ಹಾರುವುದಾ?” ಎಂದು ಐಸಮ್ಮ ನನ್ನ ಕಿವಿಯಲ್ಲಿ ಕೇಳಿದಳು.

ಆಗ ಶಶಿಕಲಾ ಒಳಗಿನಿಂದ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ ಗೇಟಿನ ಇನ್ನೊಂದು ಬೀಗದ ಕೈ ತೆಗೆದಳು. ಅಕ್ಕ ಹೋದರೆ ಆ ಮನೆಯ ಕೆಲಸ ಅಷ್ಟೂ ಬೀಳುವುದು ಅವಳ ಮೇಲೆ. ಅದು ಅವಳಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಬೀಗ ತುಕ್ಕು ಹಿಡಿದಿತ್ತು, ಅವಳು ಎರಡು ಕೈಯಲ್ಲಿ ತಿರುಗಿಸಿದಳು. ಗೇಟು ಪೂರ್ತಿ ತೆರೆದು, “ಹೋಗಿ ಅಕ್ಕ” ಎಂದಳು.

ಗಿರಿಜೆ ಅವಳ ಕೆನ್ನೆ ಮುಟ್ಟಿ ರಸ್ತೆಗೆ ಇಳಿದಳು. ತಿರುಗಿ ನೋಡದೆ ನಡೆದಳು.

ಶಶಿಕಲಾ ಗೇಟು ಮುಚ್ಚದೆ ಹಾಗೆಯೇ ನಿಂತು ನನ್ನ ಕಡೆ ತಿರುಗಿದಳು. “ನಾಳೆಯೂ ಬನ್ನಿ ಕಲ್ಯಾಣಿಯಕ್ಕ. ಇಲ್ಲಿಗೇ ಬನ್ನಿ. ಬೇರೆ ಪುಸ್ತಕ ತನ್ನಿ.”

“ನಿನ್ನ ಗಂಡ?”

“ಅವರೂ ಮನೆಯಲ್ಲೇ ಇರ್ತಾರಲ್ಲ” ಎಂದಳು. “ಜೋರಾಗಿ ಓದಿ.”